ಲೈನ್‌ಮನೆಗೆ ಖಾತೆ ಇಲ್ಲ ಮಾರಾಯ

ನಮ್ಮ ಕಡೆ ಹೋಂಸ್ಟೇಗೆ ಬಂದಿದ್ದ ಗೆಳೆಯ ಬೆಂಗಳೂರು ಮುಟ್ಟಿದ ಮೇಲೆ ಮೆಸೇಜ್ ಹಾಕಿದ್ದಾನೆ. "ನಿಮ್ಮೂರು ಸ್ವರ್ಗ ಕಣೋ. ಆದ್ರೆ ಒಂದು ಅರ್ಥ ಆಗಲಿಲ್ಲ. ಬ್ರಿಟಿಷರು ಹೋಗಿ ಯಾವ ಕಾಲ ಆಯ್ತು, ನಿಮ್ಮವರು ಇನ್ನೂ ಕಾಫಿ ತೋಟದ ಆಳುಗಳಿಗೆ ಸಾಲಾಗಿ ಕಟ್ಟಿದ ಆ ಲೈನ್‌ಮನೆಗಳಲ್ಲೇ ಯಾಕಿದ್ದಾರೆ? ಮೂರು ತಲೆಮಾರು ದುಡಿದು ಒಂದು ಸೈಟ್ ತಗೊಳ್ಳೋಕೆ ಆಗಲಿಲ್ವಾ?" ಕೊನೆಗೆ ಒಂದು ನಗುವ ಮುಖ ಬೇರೆ.

ಕೇಳಿದ್ದು ಒಳ್ಳೇದೇ ಆಯ್ತು. ಮಳೆ, ಜಿಗಣೆ, ಆನೆ, ಕರೆಂಟು ಇವನ್ನೆಲ್ಲ ನೀನು ಕೇಳಿಲ್ಲ, ನಾನೂ ಹೇಳಲ್ಲ. ಅವು ಹೇಗೋ ನಡೆಯುತ್ತವೆ. ಮನೆ ವಿಷಯ ಮಾತ್ರ ನಡೆಯಲ್ಲ.

ನಾನಿರುವುದು ಮೂಡಿಗೆರೆ ತಾಲೂಕಿನ ಬಣಕಲ್ ಕಡೆ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿದರೆ ದಕ್ಷಿಣ ಕನ್ನಡ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತಮಿಳು. ಇಲ್ಲಿಯವರಿಗೆ ನಾವು ಘಟ್ಟದ ಕೆಳಗಿನವರು. ಕೆಳಗಿನ ನೆಂಟರಿಗೆ ನಾವು ಘಟ್ಟದವರು. ಎರಡೂ ಕಡೆ ಊಟಕ್ಕೆ ಮಾತ್ರ ಕರೆಯುತ್ತಾರೆ, ಅಷ್ಟು ಸಮಾಧಾನ.

ಕಾಫಿ ಬ್ರಿಟಿಷರು ತಂದಿದ್ದಲ್ಲ, ಅದು ನಿನಗೂ ಗೊತ್ತು. ಬಾಬಾ ಬುಡನ್ ಏಳು ಬೀಜ ತಂದ ಕಥೆಯನ್ನು ಹೋಂಸ್ಟೇಯವರು ಹೇಳದೆ ಬಿಟ್ಟಿರಲ್ಲ. ಹಿತ್ತಲಲ್ಲಿ ನಾಲ್ಕು ಗಿಡ ಬೆಳೆಯೋಕೆ ಯಾರೂ ಹೊರಗಿನಿಂದ ಆಳು ತರಬೇಕಿರಲಿಲ್ಲ. ದೊಡ್ಡ ತೋಟಗಳು ಶುರುವಾಗಿದ್ದು 19ನೇ ಶತಮಾನದಲ್ಲಿ. ಮಂಜರಾಬಾದ್ ಸೀಮೆಯಲ್ಲಿ, ಅಂದ್ರೆ ಈಗಿನ ಸಕಲೇಶಪುರದ ಕಡೆ, ಗ್ರೀನ್ ಎಂಬ ಇಂಗ್ಲಿಷಿನವನು 1843ರಲ್ಲಿ ತೋಟ ಮಾಡಿದ. ಆಗ ಮೈಸೂರು ಬ್ರಿಟಿಷ್ ಕಮಿಷನರ್ ಆಳ್ವಿಕೆಯಲ್ಲಿತ್ತು. ಕಾಡು ಕಡಿದು ನೂರಾರು ಎಕರೆ ಹಾಕಿದ ಮೇಲೆ ಹಣ್ಣು ಕುಯ್ಯೋಕೆ ಜನ ಬೇಕಲ್ಲ? ಇಲ್ಲಿನ ರೈತನಿಗೆ ಅವನ ಗದ್ದೆಯೇ ಸಾಕಿತ್ತು. ಹಾಗಾಗಿ ತೋಟಕ್ಕೆ ಆಳು ಸೇರಿಸಿ ತರುವ ಮೇಸ್ತ್ರಿಗಳು ಘಟ್ಟ ಇಳಿದರು. ಕೈಗೆ ಮುಂಗಡ ಕೊಟ್ಟು, ಗದ್ದೆ ಕೊಯ್ಲು ಮುಗಿದವರನ್ನು ಗುಂಪು ಕಟ್ಟಿಕೊಂಡು ಹತ್ತಿಸಿದರು. ಕೆಳಗಡೆ ಆಗ ಮದ್ರಾಸ್ ಸರ್ಕಾರ. ಬ್ರಿಟಿಷರು 1859ರಲ್ಲೇ ಒಂದು ಕಾಯ್ದೆ ಮಾಡಿಟ್ಟಿದ್ದರು. ಮುಂಗಡ ತಗೊಂಡು ಕೆಲಸ ಬಿಟ್ಟರೆ ಮೂರು ತಿಂಗಳವರೆಗೆ ಜೈಲು. ಅದು ರದ್ದಾಗುವಾಗ 1920ರ ದಶಕ ಅರ್ಧ ಮುಗಿದಿತ್ತು.

ಈಗ ಆ ಜೈಲೂ ಇಲ್ಲ, ದೊರೆಯೂ ಇಲ್ಲ. ತೋಟಗಳು ನಮ್ಮವರ ಕೈಗೇ ಬಂದವು. ತೋಟದ ಲೆಕ್ಕ ಬರೆಯುವ ರೈಟರ್ ಮುಂದೆ ಚಪ್ಪಲಿ ಬಿಟ್ಟು ನಿಲ್ಲುವ ಕಾಲ ಹೋಯ್ತು. ನಮ್ಮಮ್ಮ ತೋಟದ ಮಾಲೀಕರಾದ ಸಾವ್ಕಾರ್ರ ಜೊತೆ ಸರಿಯಾಗಿಯೇ ಜಗಳ ಆಡುತ್ತಾಳೆ. ಉಳಿದಿದ್ದು ಒಂದೇ, ಕೆಲಸಕ್ಕೂ ಮನೆಗೂ ಹಾಕಿದ ಗಂಟು. ಕೆಲಸ ಇದ್ದರೆ ಮನೆ. ಕೆಲಸ ಬಿಟ್ಟರೆ, ವಯಸ್ಸಾದರೆ, ಮನೆಯಲ್ಲಿ ಯಾರೂ ಹಾಜರಿ ಹಾಕದಿದ್ದರೆ, ಮನೆ ಖಾಲಿ ಮಾಡಬೇಕು.

ಸೈಟ್ ಯಾಕೆ ತಗೊಳ್ಳಲಿಲ್ಲ ಅಂದೆಯಲ್ಲ. ನನ್ನ ಅಜ್ಜನ ಕಥೆ ಕೇಳು. ಅಜ್ಜ ಮೇಸ್ತ್ರಿ ಜೊತೆ ಮೇಲೆ ಬಂದ. ಅಜ್ಜನ ತಮ್ಮ ಬೆಳ್ತಂಗಡಿ ಕಡೆಯೇ ಗೇಣಿಗೆ ಗದ್ದೆ ಮಾಡಿಕೊಂಡಿದ್ದ. 1974ರಲ್ಲಿ ಭೂಸುಧಾರಣೆ ತಿದ್ದುಪಡಿ ಬಂತು. ಉಳುವವನೇ ಹೊಲದೊಡೆಯ ಅಂದರು. ತಮ್ಮ ಡಿಕ್ಲರೇಷನ್ ಕೊಟ್ಟ, ಭೂನ್ಯಾಯಮಂಡಳಿಯಲ್ಲಿ ಜಾಗ ಅವನ ಹೆಸರಿಗೆ ಆಯ್ತು. ಅಜ್ಜ ಯಾವ ಫಾರಂ ತುಂಬಬೇಕಿತ್ತು? ಅವನು ಗೇಣಿದಾರ ಅಲ್ಲವೇ ಅಲ್ಲ, ದಿನಗೂಲಿ. ಮೇಲಾಗಿ ಕಾಫಿ, ಟೀ, ರಬ್ಬರ್ ತೋಟಗಳನ್ನು ಭೂಮಿತಿಯಿಂದ ಹೊರಗಿಟ್ಟಿದ್ದರು. ಎಷ್ಟು ಎಕರೆ ಇದ್ದರೂ ಕೇಳುವವರಿಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರಲ್ಲಿ ಒಬ್ಬನ ಮೊಮ್ಮಕ್ಕಳಿಗೆ ಇವತ್ತು ಅಡಿಕೆ ತೋಟ ಇದೆ. ಇನ್ನೊಬ್ಬನ ಮೊಮ್ಮಗ ಸೈಬರ್ ಅಂಗಡಿಯಲ್ಲಿ ಕೂತು ಬೇರೆಯವರ ಅರ್ಜಿ ತುಂಬುತ್ತಾನೆ.

ಹೌದು, ಅದೇ ನನ್ನ ಕೆಲಸ. ದಿನಾ ನಾನು ಸಿಕ್ಕಿಹಾಕಿಕೊಳ್ಳುವುದು ಒಂದೇ ಕಾಲಂನಲ್ಲಿ. ವಿಳಾಸ.

ಲೈನಿನಿಂದ ಬಂದವರ ಅರ್ಜಿಯಲ್ಲಿ ಮನೆ ನಂಬರ್ ಅಂತ ಕೇಳುತ್ತದೆ. ಬಾಗಿಲ ಮೇಲೆ ಪೇಂಟಿನಲ್ಲಿ ಬರೆದ ನಂಬರ್ ತೋಟದವರದ್ದು, ಪಂಚಾಯ್ತಿಯದ್ದಲ್ಲ. ಜಾಗ ಯಾರದ್ದು ಅಂತ ಹೇಳುವ ಖಾತೆ ಇಲ್ಲ, ಪಂಚಾಯ್ತಿಯ ಆನ್‌ಲೈನ್ ಆಸ್ತಿ ದಾಖಲೆಯಾದ ಇ-ಸ್ವತ್ತು ಇಲ್ಲ, ಕಂದಾಯದ ರಸೀದಿ ಇಲ್ಲ. ಆಧಾರ್‌ನಲ್ಲಿ ಕೇರ್ ಆಫ್ ಇಂಥ ಎಸ್ಟೇಟ್ ಅಂತ ಇರುತ್ತದೆ. ತೋಟ ಬದಲಾಯಿಸಿದರೆ ವಿಳಾಸವೂ ಬದಲಾಯಿತು. ರೇಷನ್ ಕಾರ್ಡ್ ಹಳೇ ತೋಟದ್ದು, ವೋಟು ಅದಕ್ಕೂ ಹಿಂದಿನದ್ದು, ಗ್ಯಾಸ್ ಯಾರದೋ ಹೆಸರಲ್ಲಿ. ಮೂರನ್ನೂ ಒಂದು ಮಾಡುವಷ್ಟರಲ್ಲಿ ಅವರು ಮತ್ತೊಂದು ತೋಟಕ್ಕೆ ಹೋಗಿರುತ್ತಾರೆ.

ಸರ್ಕಾರಿ ಮನೆಗೆ ಅರ್ಜಿ ಹಾಕೋಣ ಅಂದ್ರೆ ಮೊದಲು ಸ್ವಂತ ಜಾಗ ಬೇಕು. ಭೂಕಂದಾಯ ಕಾಯ್ದೆಯ 94ಸಿ ಅಡಿ ಹಕ್ಕುಪತ್ರ ಕೇಳೋಣ ಅಂದ್ರೆ ಅದು ಸರ್ಕಾರಿ ಜಾಗದಲ್ಲಿ ಅಕ್ರಮವಾಗಿ ಮನೆ ಕಟ್ಟಿಕೊಂಡವರಿಗೆ. ನಾವು ಅಕ್ರಮ ಮಾಡಲಿಲ್ಲ ನೋಡು. ಮಾಲೀಕರು ಕೊಟ್ಟ ಮನೆಯಲ್ಲಿ ಮರ್ಯಾದೆಯಾಗಿ ಇದ್ದೆವು. ಹಾಗಾಗಿ ಸಕ್ರಮ ಆಗೋದಕ್ಕೂ ನಮಗೆ ಅರ್ಹತೆ ಇಲ್ಲ.

ಪಂಚಾಯ್ತಿಯಲ್ಲಿ ಹೇಳುತ್ತಾರೆ, ನಿಮಗೆ ತೋಟದವರೇ ಮನೆ ಕೊಡಬೇಕು, ಕಾನೂನೇ ಇದೆ ಅಂತ. ಕಾನೂನು ಬಂದಿದ್ದು ನಿಜ. 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲಿ ಮನೆ, ನೀರು, ಆಸ್ಪತ್ರೆ, ಕೂಸಿನ ಮನೆ ಎಲ್ಲ ಬರೆದಿದ್ದರು. ಮೊದಲು 25 ಎಕರೆಗೆ ಮೇಲ್ಪಟ್ಟ ತೋಟಕ್ಕೆ, ಆಮೇಲೆ 5 ಹೆಕ್ಟೇರ್ ಮತ್ತು 15 ಆಳಿಗೆ ಇಳಿಸಿದರು. ತೋಟದವರನ್ನು ಕೇಳಿದರೆ ಅಣ್ಣತಮ್ಮಂದಿರಲ್ಲಿ ಪಾಲಾಗಿದೆ, ನಮ್ಮದು ಸಣ್ಣ ಹಿಡುವಳಿ ಅನ್ನುತ್ತಾರೆ. ಬೇಲಿ ಒಂದೇ, ಕಣ ಒಂದೇ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಒಂದೇ. ಪಹಣಿ ಮಾತ್ರ ನಾಲ್ಕು. ಇವರು ಅವರ ಕಡೆ ತೋರಿಸುತ್ತಾರೆ, ಅವರು ಇವರ ಕಡೆ. ನಡುವೆ ನಿಂತವರಿಗೆ ನಾನು ಜೆರಾಕ್ಸ್ ಮಾಡಿ ಕೊಡುತ್ತಿರುತ್ತೇನೆ. ಅದರಲ್ಲೇ ನನ್ನ ವ್ಯಾಪಾರವೂ ನಡೆಯುತ್ತದೆ ಅನ್ನು.

ಜಾತಿ ಸರ್ಟಿಫಿಕೇಟ್ ಇನ್ನೊಂದು ಗೋಳು. ಮರಾಟಿ ಅಂತ ಒಂದು ಸಮುದಾಯ ಇದೆ. ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಮಾತ್ರ ಅಂತ ಇದೆ. ಮೇಲಿನ ಲೈನಿನಲ್ಲಿ ಹುಟ್ಟಿದ ಒಬ್ಬಳು ಹುಡುಗಿ ಕಾಲೇಜಿಗೆ ಬೇಕು ಅಂತ ಅರ್ಜಿ ಹಾಕಲು ಬಂದಳು. ಚಾರ್ಮಾಡಿ ಕೆಳಗಿರುವ ಅವಳ ದೊಡ್ಡಪ್ಪನ ಮಗಳಿಗೆ ಸರ್ಟಿಫಿಕೇಟ್ ಇದೆ, ಇವಳಿಗೆ ಮೂಲ ತೋರಿಸು ಅಂದರು. ಮೂಲ ಎಲ್ಲಿಂದ ತರೋದು? ತೋಟದ ಆಫೀಸಿನಲ್ಲಿ ಹಳೇ ಚೆಕ್‌ರೋಲ್ ಇತ್ತು. ಆಳುಗಳ ಹಾಜರಿ ಬರೆಯುವ ಉದ್ದ ಪುಸ್ತಕ, ಅಂಚು ಗೆದ್ದಲು ತಿಂದಿದೆ. ಮೇಲೆ ಮೇಸ್ತ್ರಿಯ ಹೆಸರು, ಕೆಳಗೆ ಅವನ ಗ್ಯಾಂಗಿನವರು. ಅಜ್ಜನ ಹೆಸರು ಸಿಕ್ಕಿತು. ಬರೀ ಹೆಸರು. ಅಪ್ಪನ ಹೆಸರಿಲ್ಲ, ಊರಿಲ್ಲ, ಜಾತಿಯಿಲ್ಲ. ಪಕ್ಕದಲ್ಲಿ ಹಾಜರಿ ಗೀಟುಗಳು, ಕೊನೆಯಲ್ಲಿ ಮುಂಗಡ ಎಷ್ಟು ಅಂತ. ಮುಂಗಡದ ಲೆಕ್ಕ ಮಾತ್ರ ಪೈಸೆಗೆ ಪೈಸೆ ಸರಿಯಾಗಿತ್ತು.

ಬೆಳೆಗಾರರೆಲ್ಲ ಕೆಟ್ಟವರು ಅಂತ ಓದಿಕೊಳ್ಳಬೇಡ. ಐದಾರು ಎಕರೆ ಇಟ್ಟುಕೊಂಡು ಆಳಿನ ಜೊತೆ ತಾನೂ ಬಗ್ಗಿ ದುಡಿಯುವವರೇ ಇಲ್ಲಿ ಜಾಸ್ತಿ. ಕಾಫಿ ಹೂ ಅರಳಿಸುವ ಹೂಮಳೆ ತಪ್ಪಿದರೆ ಅವರಿಗೆ ನಿದ್ದೆ ಇಲ್ಲ. ನನ್ನ ಫೀಸು ಕಟ್ಟಿದ್ದೂ ಒಬ್ಬ ಸಾವ್ಕಾರ್ರೇ. ಆದರೆ ಅವರು ಒಳ್ಳೆಯವರಾಗಿದ್ದರೆ ನಮ್ಮ ಬದುಕು ಒಳ್ಳೇದು, ಅವರ ಮಗ ತೋಟ ಮಾರಿದರೆ ನಾವು ರಸ್ತೆಗೆ. ಇದೆಂಥ ಏರ್ಪಾಡು ಹೇಳು. 2024ರಲ್ಲಿ ರೊಬಸ್ಟಾ ದರ ದಾಖಲೆ ಮುಟ್ಟಿದಾಗ ಪೇಟೆಯಲ್ಲಿ ಹೊಸ ಜೀಪುಗಳು ಬಂದವು. ಲೈನಿನ ಹೆಂಚು ಹಾಗೇ ಸೋರಿತು.

ನಮ್ಮ ಮಕ್ಕಳು ಈಗ ಬೆಂಗಳೂರು, ಮಂಗಳೂರು ಸೇರಿದ್ದಾರೆ. ಖಾಲಿಯಾದ ಮನೆಗಳಿಗೆ ಅಸ್ಸಾಮಿನವರು ಬಂದಿದ್ದಾರೆ. ತಮಾಷೆ ನೋಡು, ಇದೇ ಬ್ರಿಟಿಷರು ಛೋಟಾ ನಾಗಪುರದಿಂದ ಆದಿವಾಸಿಗಳನ್ನು ಅಸ್ಸಾಂ ಟೀ ತೋಟಗಳಿಗೆ ಸಾಗಿಸಿದ್ದರು. ಜಾರ್ಖಂಡ್‌ನಲ್ಲಿ ಪರಿಶಿಷ್ಟ ಪಂಗಡ ಆದವರು ಅಸ್ಸಾಂನಲ್ಲಿ ಆ ಪಟ್ಟಿಯಲ್ಲಿಲ್ಲ. ನಮ್ಮ ಚಾರ್ಮಾಡಿಯ ಗೋಳೇ, ಸ್ವಲ್ಪ ದೊಡ್ಡದು. ಅಂಥ ಅಸ್ಸಾಮಿನಿಂದ ಬಂದವರಿಗೆ ನಮ್ಮ ಲೈನಿನವರೇ ಹೊರಗಿನವರು ಅಂತ ಮೂಗು ಮುರಿಯುತ್ತಾರೆ. ನಮ್ಮಮ್ಮನೂ ಅದರಲ್ಲಿ ಹಿಂದೆ ಬಿದ್ದಿಲ್ಲ.

ಮಂಗಳೂರಿನವನಾಗಿ ಇಲ್ಲಿ ಏನು ಮಾಡ್ತಿದ್ದೀಯ ಅಂತ ನೀನು ಒಮ್ಮೆ ಕೇಳಿದ್ದೆ. ನಾನು ಮಂಗಳೂರಿನವನಲ್ಲ. ಈ ತಾಲೂಕಿನ ಸಿಲ್ವರ್ ಮರ ನೆಟ್ಟವರು, ನೆರಳು ಮರದ ಕೊಂಬೆ ಕಡಿಯುವ ಮರಗಸಿಗೆ ಹತ್ತಿ ಬಿದ್ದವರು, ರಸ್ತೆಗೆ ಕಲ್ಲು ಹೊತ್ತವರು ನಮ್ಮವರು. ನೀನು ಫೋಟೋ ತೆಗೆದ ಆ ಹಸಿರು ಕಾಡಲ್ಲ, ತೋಟ. ಅದಕ್ಕೆ ವರ್ಷವಿಡೀ ಕೈ ಬೇಕು.

ಜಾಗ ಎಲ್ಲಿದೆ ಅಂತ ಕೇಳಿದರೆ ತಹಶೀಲ್ದಾರ್ ಕಚೇರಿಯಲ್ಲಿ ಡೀಮ್ಡ್ ಫಾರೆಸ್ಟ್, ಅಂದ್ರೆ ಅರಣ್ಯ ಅಂತಲೇ ಲೆಕ್ಕಕ್ಕೆ ಹಿಡಿದ ಜಾಗ ಅನ್ನುತ್ತಾರೆ, ಅರಣ್ಯ ಮಾಡೋಕೆ ಸೆಕ್ಷನ್ 4 ಅಡಿ ಗುರುತಿಸಿದ್ದು ಅನ್ನುತ್ತಾರೆ, ಗೋಮಾಳ ಅನ್ನುತ್ತಾರೆ. ಇರಬಹುದು. ಆದರೆ ಸರ್ಕಾರಿ ಜಾಗ ಒತ್ತುವರಿ ಮಾಡಿ ಕಾಫಿ ಹಾಕಿದವರಿಗೆ 25 ಎಕರೆವರೆಗೆ 30 ವರ್ಷ ಗುತ್ತಿಗೆ ಕೊಡಬಹುದು ಅಂತ 2022ರಲ್ಲಿ ಕಾನೂನೇ ತಿದ್ದಿದರು. ಅಷ್ಟು ಜಾಗ ಹುಡುಕಿದವರಿಗೆ ಹೋಬಳಿಗೆ ಎರಡು ಎಕರೆ ಹುಡುಕೋದು ಕಷ್ಟವಾ? ಮೂವತ್ತು ನಲವತ್ತು ಅಡಿಯ ಸೈಟ್, ಅದಕ್ಕೊಂದು ಖಾತೆ. ಅದಾದರೆ ನಮ್ಮಮ್ಮ ಬೇಕಾದ ತೋಟಕ್ಕೆ ಕೆಲಸಕ್ಕೆ ಹೋಗುತ್ತಾಳೆ, ಬೇಡವಾದರೆ ಬಿಡುತ್ತಾಳೆ. ಕೂಲಿ ಎಷ್ಟು ಕೊಡ್ತೀರಿ ಅಂತ ಮೊದಲೇ ಕೇಳಿಯೂ ಹೋಗುತ್ತಾಳೆ.