ಫ್ರೇಮ್ ಇಲ್ಲದೆಯೂ ಮಾರಬಹುದು, ಅಂಚು ಮಾತ್ರ ಬಿಡಿ

ನಮಸ್ಕಾರ. ಫ್ರೇಮ್ ಹಾಕದೆ, ಹಿಂಬದಿಯ ಕಟ್ಟಿಗೆ ಪಟ್ಟಿಗಳಿಗೆ ಬಿಗಿಯದೆ ಬರೀ ಕ್ಯಾನ್ವಾಸ್ ಮಾರಿದರೆ ಜನ ಕೊಳ್ಳುತ್ತಾರಾ ಅಂತ ಕೇಳಿದ್ದೀರಿ. ಖಂಡಿತ ಕೊಳ್ಳುತ್ತಾರೆ. ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಬಂದು ನೋಡಿ. ಚಿತ್ರ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೋಗುವವರು ಸಿಗುತ್ತಾರೆ. ಬಸ್ಸಿನಲ್ಲಿ ಬಂದವರಿಗೆ ಅದೇ ಅನುಕೂಲ ಅಲ್ವಾ?

ಆದರೆ ನಾಲ್ಕೂ ಕಡೆ 2ರಿಂದ 3 ಇಂಚು ಖಾಲಿ ಅಂಚು ಬಿಡಲೇಬೇಕು. ಇಲ್ಲದಿದ್ದರೆ ಫ್ರೇಮ್ ಅಂಗಡಿಯವರು ಚಿತ್ರವನ್ನೇ ಹಿಂದಕ್ಕೆ ಮಡಚಿ ಪಿನ್ ಹೊಡೆಯುತ್ತಾರೆ. ಮೂಲೆಯಲ್ಲಿರುವ ನಿಮ್ಮ ಸಹಿಯೂ ಅದರ ಜೊತೆ ಹೋಗುತ್ತದೆ. ಚಿತ್ರದ ಅಳತೆ ಎಷ್ಟು, ಬಟ್ಟೆಯ ಅಳತೆ ಎಷ್ಟು ಅಂತ ಬೇರೆ ಬೇರೆ ಬರೆದುಬಿಡಿ.

ಸುತ್ತುವಾಗ ಬಣ್ಣದ ಮುಖ ಹೊರಗಿರಲಿ. ಒಳಗಿದ್ದರೆ ಬಣ್ಣ ಒತ್ತಿಕೊಂಡು ಸುಕ್ಕು ಬೀಳುತ್ತದೆ. ಸುತ್ತುವ ಕೊಳವೆಯ ವ್ಯಾಸ 4 ಇಂಚಿಗಿಂತ ಕಡಿಮೆ ಬೇಡ, ದಪ್ಪ ಇದ್ದಷ್ಟೂ ಒಳ್ಳೆಯದು. ಒಮ್ಮೆ ಏಪ್ರಿಲ್ ಬಿಸಿಲಲ್ಲಿ ಅಕ್ರಿಲಿಕ್ ಚಿತ್ರಕ್ಕೆ ನೇರವಾಗಿ ಬಬಲ್ ರ‍್ಯಾಪ್ ಸುತ್ತಿ ಕಲಬುರಗಿಗೆ ಕಳಿಸಿದ್ದೆ. ಬಿಚ್ಚಿದಾಗ ನೀಲಿ ಆಕಾಶದ ತುಂಬ ಗುಂಡು ಗುಂಡು ಗುರುತು! ಬಿಸಿಗೆ ಅಕ್ರಿಲಿಕ್ ಮೆತ್ತಗಾಗುತ್ತದೆ. ಕೊಂಡವರಿಗೆ ದುಡ್ಡು ವಾಪಸ್ ಕೊಟ್ಟೆ, ಆದರೂ ಇವತ್ತಿಗೂ ಬೇಜಾರಿದೆ. ಈಗ ಮೊದಲು ಗ್ಲಾಸಿನ್ ಹಾಳೆ (ಬಣ್ಣಕ್ಕೆ ಅಂಟದ ನುಣುಪಾದ ತೆಳು ಕಾಗದ), ಅದರ ಮೇಲೆ ಉಳಿದದ್ದು.

ತೈಲವರ್ಣವಾದರೆ ಅವಸರ ಮಾಡಬೇಡಿ. ಮುಟ್ಟಿದರೆ ಒಣಗಿದ ಹಾಗಿದ್ದರೂ ದಪ್ಪ ಬಣ್ಣ ಒಳಗೆ ತಿಂಗಳುಗಟ್ಟಲೆ ಹಸಿಯಾಗಿರುತ್ತದೆ.

ಇನ್ನೊಂದು ಮಾತು. ಒಂದೇ ಒಂದು ಚಿತ್ರವನ್ನಾದರೂ ಬಿಗಿಸಿ ಪಕ್ಕದಲ್ಲಿ ತೂಗುಹಾಕಿ. ಗೋಡೆಯ ಮೇಲೆ ಹೇಗೆ ಕಾಣುತ್ತದೆ ಅಂತ ಕೊಳ್ಳುವವರಿಗೆ ತಕ್ಷಣ ಗೊತ್ತಾಗುತ್ತದೆ.