ಇರುವ ಒಂದೇ ಗಿಟಾರನ್ನು ಕೆತ್ತಿಸಬಹುದೇ?

ಪ್ರಶ್ನೆ: ಆರು ವರ್ಷಗಳಿಂದ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದೇನೆ. ಫ್ರೆಟ್‌ಗಳ (ತಂತಿಗಳಡಿಯ ಅಡ್ಡ ಲೋಹಪಟ್ಟಿಗಳ) ನಡುವಿನ ಮರವನ್ನು ತಗ್ಗಾಗಿ ಕೆತ್ತಿದ ಸ್ಕ್ಯಾಲಪ್ಡ್ ಫ್ರೆಟ್‌ಬೋರ್ಡ್‌ನಲ್ಲಿ ತಂತಿ ಎಳೆಯುವುದು ಸುಲಭ, ವೇಗವೂ ಹೆಚ್ಚುತ್ತದೆ ಎಂದು ಗೆಳೆಯರು ಹೇಳುತ್ತಾರೆ. ನನ್ನಲ್ಲಿರುವುದು ಒಂದೇ ಗಿಟಾರ್. ಅದನ್ನೇ ಕೆತ್ತಿಸಬಹುದೇ?

ಉತ್ತರ: ಇರುವ ಒಂದೇ ಗಿಟಾರನ್ನು ದಯವಿಟ್ಟು ಕೆತ್ತಿಸಬೇಡಿ. ತೆಗೆದ ಮರವನ್ನು ಮತ್ತೆ ತುಂಬಲು ಬರುವುದಿಲ್ಲ. ಆದರೆ ನಿಮ್ಮ ಆಸೆ ತಪ್ಪಲ್ಲ. ಕೆತ್ತಿದ ಫ್ರೆಟ್‌ಬೋರ್ಡ್ ನಿಮ್ಮ ಕೈಗೆ ಒಗ್ಗುತ್ತದೆಯೇ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು.

ಸಾಮಾನ್ಯ ಗಿಟಾರಿನಲ್ಲಿ ಎರಡನೆಯ ತಂತಿಯನ್ನು 12ನೇ ಫ್ರೆಟ್ಟಿನ ಬಳಿ ಒತ್ತಿ ನಿಧಾನವಾಗಿ ಮೇಲಕ್ಕೆ ಎಳೆದು ನೋಡಿ. ತಂತಿಯ ಜೊತೆಗೆ ಬೆರಳ ತುದಿಯ ಚರ್ಮವೂ ಮರವನ್ನು ಉಜ್ಜುತ್ತಾ ಸಾಗುತ್ತದೆ. ಕೆತ್ತಿದ ಫ್ರೆಟ್‌ಬೋರ್ಡ್‌ನಲ್ಲಿ ಆ ಉಜ್ಜಾಟ ಇರುವುದಿಲ್ಲ. ಬೆರಳು ತಂತಿಯ ಬದಿಯನ್ನು ಭದ್ರವಾಗಿ ಹಿಡಿಯುವುದರಿಂದ ದೊಡ್ಡ ಬೆಂಡ್‌ಗಳೂ (ತಂತಿ ಎಳೆದು ಸ್ವರ ಏರಿಸುವುದು) ಅಗಲವಾದ ವೈಬ್ರೆಟೋ (ಸ್ವರದ ಕಂಪನ) ಕೂಡ ಹತೋಟಿಗೆ ಬರುತ್ತವೆ. ರಾಕ್ ಗಿಟಾರ್ ವಾದಕರಾದ ರಿಚಿ ಬ್ಲ್ಯಾಕ್‌ಮೋರ್ ಮತ್ತು ಇಂಗ್ವೇ ಮಾಮ್‌ಸ್ಟೀನ್ ಇದನ್ನು ಮೆಚ್ಚಿದರು. 1970ರ ದಶಕದಲ್ಲಿ ಭಾರತೀಯ ಸಂಗೀತವನ್ನು ಜಾಝ್ ಜೊತೆ ಬೆರೆಸಿದ 'ಶಕ್ತಿ' ತಂಡದಲ್ಲಿ ನುಡಿಸುತ್ತಿದ್ದ ಜಾನ್ ಮೆಕ್‌ಲಾಫ್ಲಿನ್ ಅವರ ಅಕೂಸ್ಟಿಕ್ ಗಿಟಾರಿಗೂ ಇಂಥದೇ ಫ್ರೆಟ್‌ಬೋರ್ಡ್ ಇತ್ತು. ಸ್ವರವನ್ನು ಎಳೆದು ಬಳುಕಿಸುವುದೇ ಇವರೆಲ್ಲರ ವಾದನದ ಜೀವಾಳ ಎಂಬುದನ್ನು ಗಮನಿಸಿ. ವೇಗ ಮಾತ್ರ ಅಭ್ಯಾಸದಿಂದಲೇ ಬರಬೇಕು.

ತೊಂದರೆ ಇರುವುದು ಒತ್ತುವ ಬಲದಲ್ಲಿ. ಕೆಳಗೆ ಮರದ ಆಸರೆ ಇಲ್ಲದಿದ್ದಾಗ ತುಸು ಹೆಚ್ಚು ಒತ್ತಿದರೂ ತಂತಿ ತಗ್ಗಿನೊಳಕ್ಕೆ ಬಾಗಿ ಬಿಗಿಯಾಗುತ್ತದೆ, ಸ್ವರ ಮೇಲೇರುತ್ತದೆ. ಕಾರ್ಡ್ (ಹಲವು ಸ್ವರಗಳನ್ನು ಒಟ್ಟಿಗೆ) ನುಡಿಸುವಾಗ ಒಂದೊಂದು ಬೆರಳು ಒಂದೊಂದು ಬಲದಲ್ಲಿ ಒತ್ತುವುದರಿಂದ, ಸರಿಯಾಗಿ ಶ್ರುತಿ ಮಾಡಿದ ಗಿಟಾರೂ ಅಪಸ್ವರ ಹೊರಡಿಸುತ್ತದೆ. 9ರ ಸೆಟ್‌ನಂಥ (ಅತಿ ತೆಳುವಾದ ತಂತಿ 0.009 ಇಂಚು ದಪ್ಪವಿರುವ) ತೆಳು ತಂತಿಗಳಲ್ಲಿ ಈ ದೋಷ ಇನ್ನೂ ಬೇಗ ಕಿವಿಗೆ ಬೀಳುತ್ತದೆ. ಹಾಡುಗಾರರಿಗೆ ಕಾರ್ಡ್ ಹಿಡಿಯುವುದೇ ನಿಮ್ಮ ಮುಖ್ಯ ಕೆಲಸವಾಗಿದ್ದರೆ, ನನ್ನ ಮಟ್ಟಿಗೆ ಇದರಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು.

ಶ್ರುತಿ ತೋರಿಸುವ ಟ್ಯೂನರ್ ಎದುರಿಟ್ಟುಕೊಂಡು, ಬೆರಳನ್ನು ಮರದಿಂದ ದೂರವಿಡುವ ಎತ್ತರದ ಜಂಬೋ ಫ್ರೆಟ್ ಇರುವ ಯಾರದಾದರೂ ಗಿಟಾರಿನಲ್ಲಿ ಕಾರ್ಡ್ ಹಿಡಿದು, ಅದರ ತಂತಿಗಳನ್ನು ಒಂದೊಂದಾಗಿ ಮೀಟಿ ನೋಡಿ. ಅಲ್ಲಿಯೇ ಟ್ಯೂನರಿನ ಮುಳ್ಳು ಬಲಕ್ಕೆ, ಅಂದರೆ ಸ್ವರ ಏರಿದ ಕಡೆಗೆ, ಸರಿಯುತ್ತಿದ್ದರೆ ನಿಮ್ಮ ಎಡಗೈ ಅಗತ್ಯಕ್ಕಿಂತ ಹೆಚ್ಚು ಒತ್ತುತ್ತಿದೆ ಎಂದರ್ಥ. ಕೆಲವು ವಾರ ಹಗುರವಾಗಿ ಒತ್ತುವ ಅಭ್ಯಾಸ ಮಾಡಿ, ಆಮೇಲೆ ಕೆತ್ತಿದ ಗಿಟಾರೊಂದನ್ನು ಎರವಲು ಪಡೆದು ನುಡಿಸಿ. ಎಷ್ಟೋ ಮಂದಿಗೆ ಜಂಬೋ ಫ್ರೆಟ್ಟಿನಲ್ಲೇ ಬೇಕಾದ ಹಿಡಿತ ಸಿಕ್ಕಿಬಿಡುತ್ತದೆ.

ಅಷ್ಟಾದ ಮೇಲೂ ಬೇಕೆನಿಸಿದರೆ, ಮತ್ತು ನಿಮ್ಮ ಗಿಟಾರಿನ ಕತ್ತು (ಫ್ರೆಟ್‌ಬೋರ್ಡ್ ಇರುವ ಉದ್ದನೆಯ ಭಾಗ) ಸ್ಕ್ರೂಗಳಿಂದ ಜೋಡಿಸಿದ್ದಾದರೆ, ಅದೇ ಅಳತೆಯ ಕೆತ್ತಿದ ಕತ್ತನ್ನು ಬೇರೆಯಾಗಿ ಕೊಂಡು ಹಾಕಿಸಿ, ಹಳೆಯದನ್ನು ಜೋಪಾನವಾಗಿ ಎತ್ತಿಡಿ. ರಾಕ್ ವಾದಕ ಸ್ಟೀವ್ ವಾಯ್ ಅವರ ಐಬನೆಜ್ ಕಂಪನಿಯ ಗಿಟಾರುಗಳಲ್ಲಿರುವಂತೆ ಕೊನೆಯ ನಾಲ್ಕು ಫ್ರೆಟ್‌ಗಳಲ್ಲಷ್ಟೇ ಕೆತ್ತನೆ ಇರುವ ಕತ್ತೂ ನಿಮಗೆ ಸಾಕಾಗಬಹುದು: ಸೋಲೋದ ಎತ್ತರದ ಬೆಂಡ್‌ಗಳಿಗೆ ಅನುಕೂಲ, ಕೆಳಗಿನ ಕಾರ್ಡ್‌ಗಳಿಗೆ ತೊಂದರೆಯಿಲ್ಲ.