ಓದುಗರ ಪ್ರಶ್ನೆ: ವ್ಯಸನ ಸಮಾಲೋಚಕರ ಕೆಲಸವೆಂದರೆ ಬುದ್ಧಿ ಹೇಳುವುದೇ?

ಈ ಬಾರಿ ಬಂದ ಪತ್ರಗಳಲ್ಲಿ ನಾಲ್ಕು ಪತ್ರಗಳು ಬೇರೆ ಬೇರೆ ಕಡೆಯಿಂದ ಒಂದೇ ವಿಷಯಕ್ಕೆ ಬಂದು ಸೇರುತ್ತವೆ. ಬರೆದವರ ಹೆಸರನ್ನು ಬಿಟ್ಟು, ಊರನ್ನು ಮಾತ್ರ ಉಳಿಸಿಕೊಂಡು ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ಎಂ.ಎಸ್.ಡಬ್ಲ್ಯೂ. ಮುಗಿಸಿದ್ದೇನೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಕೆಲಸಕ್ಕೆ ಅರ್ಜಿ ಹಾಕುವ ಯೋಚನೆಯಿದೆ. ಮನೆಯವರು "ಕುಡುಕರಿಗೆ ಬುದ್ಧಿ ಹೇಳಾಕ ಇಷ್ಟು ಓದಬೇಕಿತ್ತೇನು" ಎನ್ನುತ್ತಾರೆ. ಈ ಕೆಲಸದಲ್ಲಿ ನಿಜವಾಗಿ ಮಾಡುವುದೇನು? ಹೆಣ್ಣುಮಗಳಾದ ನನ್ನಿಂದ ಇದು ಆದೀತೇ? (ಮುಧೋಳ)

ಉತ್ತರ: ಬುದ್ಧಿ ಹೇಳುವವರ ಕೊರತೆ ನಮ್ಮ ಊರುಗಳಲ್ಲಿ ಎಂದೂ ಆಗಿಲ್ಲ. ನಿಮ್ಮೆದುರು ಬಂದು ಕೂರುವ ಮನುಷ್ಯನಿಗೆ ತಾಯಿ, ಹೆಂಡತಿ, ಸೋದರಮಾವ, ಊರ ಹಿರಿಯರು, ಸಾಲ ಕೊಟ್ಟವರು ಎಲ್ಲರೂ ಹೇಳಿ ಮುಗಿಸಿರುತ್ತಾರೆ. ಕುಡಿತ ಕೆಟ್ಟದ್ದೆಂಬುದು ಅವರಿಗೆ ತಿಳಿಯದ ಸಂಗತಿಯಲ್ಲ. ಆದ್ದರಿಂದ ನಿಮ್ಮ ಕೆಲಸ, ಎಲ್ಲರೂ ಹೇಳಿ ಬಿಟ್ಟ ಮೇಲೆ ಶುರುವಾಗುತ್ತದೆ.

ಮೊದಲನೆಯದು ಲೆಕ್ಕ. "ಎಷ್ಟು ಕುಡಿಯುತ್ತೀರಿ" ಎಂದರೆ "ಸ್ವಲ್ಪ" ಎಂಬ ಉತ್ತರ ಬರುತ್ತದೆ. "ಕ್ವಾರ್ಟರ್ ಎಷ್ಟು ದಿನಕ್ಕೆ, ಒಬ್ಬರೇ ಮುಗಿಸುತ್ತೀರೋ ಹಂಚಿಕೊಳ್ಳುತ್ತೀರೋ" ಎಂದರೆ ಮಾತ್ರ ಲೆಕ್ಕ ಸಿಗುತ್ತದೆ. ನಮ್ಮಲ್ಲಿ ಮಾರುವ ವಿಸ್ಕಿ, ರಮ್ಮುಗಳಲ್ಲಿ ಮದ್ಯಸಾರ ಸಾಮಾನ್ಯವಾಗಿ ಶೇ. 42.8ರಷ್ಟು ಇರುವುದರಿಂದ, 30 ಮಿ.ಲೀ.ಯಲ್ಲಿ ಸುಮಾರು 10 ಗ್ರಾಂ ಶುದ್ಧ ಮದ್ಯಸಾರ ಹೊಟ್ಟೆ ಸೇರುತ್ತದೆ, ಅಂದರೆ 180 ಮಿ.ಲೀ.ಯ ಒಂದು ಕ್ವಾರ್ಟರಿಗೆ 60 ಗ್ರಾಂ. ಸಾರಾಯಿ 2007ರ ಜುಲೈ 1ರಿಂದ ನಮ್ಮ ರಾಜ್ಯದಲ್ಲಿ ನಿಷೇಧವಾಗಿದ್ದರೂ ವಯಸ್ಸಾದವರು ಇಂದಿಗೂ ಪಾಕೀಟಿನ ಲೆಕ್ಕದಲ್ಲೇ ಹೇಳುತ್ತಾರೆ. ಅವರ ಪಾಕೀಟು ಎಂದರೆ ಈಗ 90 ಮಿ.ಲೀ.ಯ ಟೆಟ್ರಾ ಪ್ಯಾಕ್ ಎಂದು ನೀವು ತಿಳಿದುಕೊಳ್ಳಬೇಕು. ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ಆಡಿಟ್ ಎಂಬ 10 ಪ್ರಶ್ನೆಗಳ ಪಟ್ಟಿಯನ್ನೂ ಬಳಸುತ್ತೇವೆ. ಒಟ್ಟು 40 ಅಂಕಗಳಲ್ಲಿ 8 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಕುಡಿತ ಅಪಾಯದ ಕಡೆಗೆ ಸಾಗಿದೆಯೆಂದೂ, 20 ಅಥವಾ ಅದಕ್ಕಿಂತ ಹೆಚ್ಚಾದರೆ ಅವಲಂಬನೆಯ ಸಾಧ್ಯತೆ ಇದೆಯೆಂದೂ ಅರ್ಥ. ಪಟ್ಟಿಯನ್ನು ಪರೀಕ್ಷೆಯ ಪ್ರಶ್ನೆಪತ್ರಿಕೆಯಂತೆ ಓದಬೇಡಿ. ಮಳೆ, ಬೆಳೆ, ಕಬ್ಬಿನ ಬಾಕಿಯ ಮಾತಿನ ನಡುವೆ ಕೇಳಿ.

ಎರಡನೆಯದು ಕೇಳಿಸಿಕೊಳ್ಳುವುದು. "ಬಿಡಬೇಕಂತ ಮನಸ್ಸೈತ್ರಿ ಅಕ್ಕಾರ, ಆದ್ರ ಸಂಜಿ ಆತಂದ್ರ ಕೈಕಾಲು ನಿಂದ್ರೂದಿಲ್ಲ" ಎಂಬ ಮಾತನ್ನು ನೀವು ನೂರಾರು ಸಲ ಕೇಳುವಿರಿ. ಹೊಸಬರು ಮಾತಿನ ಎರಡನೆಯ ಅರ್ಧಕ್ಕೆ ಕೈಹಾಕಿ, ಸಂಜೆ ದೇವಸ್ಥಾನಕ್ಕೆ ಹೋಗಿ, ಗೆಳೆಯರನ್ನು ಬಿಡಿ ಎಂದು ಉಪಾಯ ಹೇಳತೊಡಗುತ್ತಾರೆ; ಎದುರಿನವರು ಅದಕ್ಕೆಲ್ಲ ಒಂದೊಂದು ಅಡ್ಡಿ ಹೇಳುತ್ತಾರೆ; ಕೊನೆಗೆ ಕುಡಿತದ ಪರವಾಗಿ ಅವರೇ ವಕಾಲತ್ತು ವಹಿಸಿದಂತಾಗುತ್ತದೆ. ಮೊದಲ ಅರ್ಧವನ್ನು ಹಿಡಿದು "ಮನಸ್ಸೈತಿ ಅಂದ್ರಿ, ಅದು ಯಾಕ ಬಂತು?" ಎಂದು ಕೇಳಿ ಸುಮ್ಮನಿದ್ದು ನೋಡಿ. "ಮಗಳು ನನ್ನ ಕೂಡ ಬಸ್ಸಿನ್ಯಾಗ ಕೂಡಾಕ ನಾಚ್ಕೋತಾಳ್ರಿ" ಎಂಬಂಥ ಮಾತು ತಾನಾಗಿ ಹೊರಡುತ್ತದೆ. ಆ ಮಾತು ನಿಮ್ಮದಲ್ಲ, ಅವರದು. ಕೆಲಸ ಮಾಡುವುದೂ ಅದೇ. ಅಮೆರಿಕದ ಮನಃಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ವಿವರಿಸಿದ ಪ್ರೇರಣಾ ಸಂದರ್ಶನ ಎಂಬ ಪದ್ಧತಿಯ ತಿರುಳು ಇಷ್ಟೇ ಆದರೂ, ಅದು ನಾಲಗೆಗೆ ಒಗ್ಗಲು ಒಂದೆರಡು ವರ್ಷಗಳೇ ಬೇಕು.

ಮೂರನೆಯದು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು, ಯಾರನ್ನು ತಡಮಾಡದೆ ವೈದ್ಯರ ಬಳಿ ಕಳುಹಿಸಬೇಕೆಂದು ಗುರುತಿಸುವುದು. ನಮ್ಮ ಭಾಗದಲ್ಲಿ ಪಂಢರಪುರದ ವಿಠ್ಠಲನ ಹೆಸರಿನಲ್ಲಿ ತುಳಸಿ ಮಾಲೆ ಹಾಕಿಸಿಕೊಂಡು ಮದ್ಯ ಮಾಂಸ ಬಿಡುವ ವಾರಕರಿ ಪದ್ಧತಿಯಿದೆ. ಇಳಕಲ್ಲಿನ ಮಹಾಂತ ಶಿವಯೋಗಿಗಳು ಊರೂರು ತಿರುಗಿ, ನಿಮ್ಮ ದುಶ್ಚಟಗಳನ್ನು ಭಿಕ್ಷೆಯಾಗಿ ಹಾಕಿರೆಂದು ಜೋಳಿಗೆ ಒಡ್ಡಿದ್ದನ್ನು ಕಂಡವರು ಇನ್ನೂ ಇದ್ದಾರೆ. ಅವರ ಜನ್ಮದಿನವಾದ ಆಗಸ್ಟ್ 1 ನಮ್ಮ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಇವುಗಳನ್ನು ಹಗುರಾಗಿ ಕಾಣುವ ಸಮಾಲೋಚಕರು ನನಗೆ ಸೇರುವುದಿಲ್ಲ. ಆಸ್ಪತ್ರೆಯ ಮೆಟ್ಟಿಲು ಹತ್ತದ ಎಷ್ಟೋ ಜನರನ್ನು ಮಾಲೆ ಮತ್ತು ಜೋಳಿಗೆ ಮುಟ್ಟಿವೆ. ಆದರೆ ಹತ್ತಾರು ವರ್ಷ ಬೆಳಗಿನಿಂದಲೇ ಕುಡಿದವರು ಒಮ್ಮೆಲೆ ನಿಲ್ಲಿಸಿದಾಗ, ಕೊನೆಯ ಗುಟುಕಿನ 6ರಿಂದ 24 ಗಂಟೆಗಳಲ್ಲಿ ಕೈನಡುಕ, ಬೆವರು, ವಾಂತಿ ಶುರುವಾಗಿ, 48 ಗಂಟೆಗಳೊಳಗೆ ಮೂರ್ಛೆ ಬರಬಹುದು. ಎರಡನೆಯ ಅಥವಾ ಮೂರನೆಯ ದಿನ ದಿಕ್ಕು ಗುರುತು ತಪ್ಪಿ, ಇಲ್ಲದ ಹುಳಗಳನ್ನು ಹಾಸಿಗೆಯಿಂದ ಕೊಡವುತ್ತ ಕೂರುವ ಸನ್ನಿ ಹಿಡಿಯಬಹುದು. ಮನೆಯವರು ಅದನ್ನು ಗಾಳಿ ಸೋಕಿತೆಂದು ತಿಳಿದು ಕೋಣೆಯಲ್ಲಿ ಕೂಡಿಹಾಕಿದರೆ ಜೀವಕ್ಕೇ ಸಂಚಕಾರ. ಆಸ್ಪತ್ರೆಯಲ್ಲಾದರೆ ನಿದ್ರೆಯ ವರ್ಗದ ಗುಳಿಗೆಗಳನ್ನು ಅಳತೆಯಲ್ಲಿ ಕೊಟ್ಟು ಇಳಿಸುತ್ತ, ಬಿ-1 ಜೀವಸತ್ವವಾದ ಥಯಾಮಿನ್ ಚುಚ್ಚುಮದ್ದನ್ನು ಗ್ಲೂಕೋಸಿಗಿಂತ ಮೊದಲು ಕೊಟ್ಟು, ಕೆಲವೇ ದಿನಗಳಲ್ಲಿ ಈ ಗಂಡಾಂತರವನ್ನು ದಾಟಿಸುತ್ತಾರೆ. "ಹಿಂದೆ ಬಿಟ್ಟಾಗ ಮೂರ್ಛೆ ಬಂದಿತ್ತೇ?" ಎಂಬ ಒಂದು ಪ್ರಶ್ನೆಯನ್ನು ಎಂದೂ ಮರೆಯಬೇಡಿ, ಬಂದಿತ್ತೆಂದರೆ ಮಾಲೆಯ ಮುಹೂರ್ತಕ್ಕೆ ಮೊದಲು ಆಸ್ಪತ್ರೆ.

ಹೆಣ್ಣುಮಗಳೆಂಬ ಅಳುಕಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕುಡಿದು ಬಂದವರೊಡನೆ ಆ ದಿನ ಸಮಾಲೋಚನೆ ಮಾಡದಿರುವುದು, ಮನೆಭೇಟಿಗೆ ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದೊಯ್ಯುವುದು, ಬಾಗಿಲು ತೆರೆದಿರುವ ಕೋಣೆಯಲ್ಲಿ ಕೂರುವುದು, ಈ ಮೂರನ್ನು ಗಂಡಸರೂ ಪಾಲಿಸಬೇಕು. ಹುದ್ದೆಗಳು ಬಹುಪಾಲು ಗುತ್ತಿಗೆಯವೆಂಬುದನ್ನು ಮಾತ್ರ ಮನೆಯವರಿಗೆ ಮೊದಲೇ ತಿಳಿಸಿಬಿಡಿ.

ಪ್ರಶ್ನೆ: ನನ್ನ ಯಜಮಾನರು ಆಸ್ಪತ್ರೆಗೆ ಬರಲು ಒಪ್ಪುವುದಿಲ್ಲ. ಊಟದಲ್ಲಿ ಗೊತ್ತಾಗದಂತೆ ಹಾಕಿ ಕುಡಿತ ಬಿಡಿಸುವ ಪುಡಿ ಸಂತೆಯಲ್ಲಿ ಸಿಗುತ್ತದೆ. ಹಾಕಬಹುದೇ? (ಗೋಕಾಕ)

ಉತ್ತರ: ಹಾಕಬೇಡಿ, ತಂಗಿ. ಅಂಥ ಪುಡಿಯಲ್ಲಿ ಏನಿದೆಯೆಂದು ಯಾರೂ ಖಾತ್ರಿ ಕೊಡಲಾರರು. ಡೈಸಲ್ಫಿರಾಮ್ ಎಂಬ ಗುಳಿಗೆಯೇನಾದರೂ ಅದರಲ್ಲಿ ಬೆರೆತಿದ್ದರೆ, ಅದರ ಮೇಲೆ ಕುಡಿದವರಿಗೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿದು, ಹೃದಯಕ್ಕೆ ಏಟಾಗಬಹುದು. ಗುಳಿಗೆ ನಿಲ್ಲಿಸಿದ ಮೇಲೂ ಸುಮಾರು ಎರಡು ವಾರದವರೆಗೆ ಈ ಅಪಾಯ ಉಳಿಯುತ್ತದೆ. ಅದೇ ಗುಳಿಗೆಯನ್ನು ವೈದ್ಯರು ಕೊಡುವುದುಂಟು. ಆದರೆ ಪರೀಕ್ಷೆಗಳನ್ನು ಮಾಡಿಸಿ, ಎಲ್ಲವನ್ನೂ ವಿವರಿಸಿ, ತೆಗೆದುಕೊಳ್ಳುವವರು ಒಪ್ಪಿದ ಮೇಲೆ.

ಅವರು ಬರದಿದ್ದರೆ ನೀವೇ ಬನ್ನಿ. ಕುಡಿಯುವವರು ಬಂದರೆ ಮಾತ್ರ ಸಮಾಲೋಚನೆ ಎಂಬುದು ತಪ್ಪು ತಿಳಿವಳಿಕೆ. ಅವರ ಪರವಾಗಿ ಸಾಲಗಾರರಿಗೆ, ಕೆಲಸದ ಮಾಲೀಕರಿಗೆ ಸುಳ್ಳು ಹೇಳುವುದನ್ನು ಎಲ್ಲಿ ನಿಲ್ಲಿಸಬೇಕು, ಕೈಮಾಡಿದ ರಾತ್ರಿ ಮಕ್ಕಳೊಡನೆ ಎಲ್ಲಿಗೆ ಹೋಗಬೇಕು, ಯಾವ ಹೊತ್ತಿನಲ್ಲಿ ಮಾತೆತ್ತಬೇಕು ಎಂಬುದನ್ನು ಕೂಡಿ ಯೋಚಿಸಬಹುದು. ನಶೆಯಲ್ಲಿದ್ದಾಗ ಆಡಿದ ಮಾತು ನೀರ ಮೇಲಿನ ಬರಹ; ಬೆಳಗ್ಗೆ ಚಹಾದ ಹೊತ್ತಿಗೆ, ಅಳದೆ, ಬೈಯದೆ, ಒಂದೇ ಮಾತು ಹೇಳಿ. ಸದ್ಯಕ್ಕೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು, ಖರ್ಚಿಲ್ಲ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಸಿಗುವ ಏರ್ಪಾಡೂ ಇದೆ.

ಪ್ರಶ್ನೆ: ನಾನು ಎರಡು ವರ್ಷಗಳಿಂದ ಸಮಾಲೋಚಕ. ನಾಲ್ಕು ತಿಂಗಳು ಬಿಟ್ಟಿದ್ದ ಒಬ್ಬರು ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ ಮತ್ತೆ ಕುಡಿದರು. ಅವರ ಅಣ್ಣ ಬಂದು "ನೀವು ಮಾಡಿದ್ದೇನು" ಎಂದು ಜಗಳವಾಡಿ, ತಮ್ಮ ಹೇಳಿದ್ದೆಲ್ಲ ಬರೆದಿಟ್ಟ ಕಡತ ತೋರಿಸಿ ಎಂದರು. ಕಡತ ತೋರಿಸಬೇಕೇ? ಇದು ನನ್ನ ಸೋಲೇ? (ವಿಜಯಪುರ)

ಉತ್ತರ: ಕಡತ ತೋರಿಸುವಂತಿಲ್ಲ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯು ಮದ್ಯ ಮತ್ತು ಮಾದಕವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ಸೇರಿಸಿಕೊಂಡಿದೆ. ಅದರ 23ನೆಯ ಕಲಮು ಗೋಪ್ಯತೆಯ ಹಕ್ಕನ್ನು ಕೊಡುತ್ತದೆ. ಇನ್ನೊಬ್ಬರಿಗೆ ಹಾನಿಯಾಗುವುದನ್ನು ತಪ್ಪಿಸಲು, ಜೀವಾಪಾಯವಿದ್ದಾಗ, ನ್ಯಾಯಾಲಯದ ಆದೇಶವಿದ್ದಾಗ, ಇಲ್ಲವೇ ರೋಗಿ ತಾನೇ ನೇಮಿಸಿದ ಪ್ರತಿನಿಧಿಗೆ ಅಗತ್ಯವಿದ್ದಷ್ಟು ತಿಳಿಸಲು ಅವಕಾಶವಿದೆ. ಅಣ್ಣನೆಂಬ ಕಾರಣ ಮಾತ್ರ ಸಾಲದು. ಹಾಗೆಂದು ಕಾಯ್ದೆಯ ಕಲಮನ್ನೇ ಅವರ ಮುಖಕ್ಕೆ ಹಿಡಿಯಬೇಡಿ. ಅವರು ತಮ್ಮನಿಗಾಗಿ ಸಂಕಟಪಟ್ಟು ಬಂದವರು. ನೀರು ಕೊಟ್ಟು, ಕೂರಿಸಿ, "ನಿಮ್ಮ ತಮ್ಮ ಕೂಡ ಕೂತಾಗ ಮೂವರೂ ಮಾತಾಡೋಣ್ರಿ" ಎನ್ನಿ.

ಮರಳಿ ಕುಡಿಯುವುದು ಈ ಕಾಯಿಲೆಯ ಸ್ವಭಾವದಲ್ಲೇ ಇದೆ. ಆ ದಿನವನ್ನು ಅವರೊಡನೆ ತಾಸು ತಾಸಾಗಿ ಬಿಡಿಸಿ ನೋಡಿ: ಜಾತ್ರೆಯ ದನದ ಪೇಟೆಯಲ್ಲಿ ಎತ್ತು ಮಾರಿದರೇ, ಕೈಗೆ ರೊಕ್ಕ ಬಂತೇ, ವ್ಯವಹಾರ ಕುದುರಿದ ಖುಷಿಗೆ ಹಳೆಯ ಗೆಳೆಯರು ಕರೆದರೇ, ಮಧ್ಯಾಹ್ನ ಉಣ್ಣದೆ ಇದ್ದರೇ? ಜನ ದುಃಖಕ್ಕೆ ಕುಡಿಯುತ್ತಾರೆಂದು ನಾವು ನಂಬಿರುತ್ತೇವೆ, ಆದರೆ ಬಿಟ್ಟವರನ್ನು ಸಂತೋಷವೂ ಅಷ್ಟೇ ಸುಲಭವಾಗಿ ಕೆಡವುತ್ತದೆ. ಮುಂದಿನ ಸಲ ರೊಕ್ಕವನ್ನು ಹೆಂಡತಿಯ ಕೈಗೆ ಕೊಟ್ಟು ಜಾತ್ರೆ ಸುತ್ತುವುದೆಂದು ಅವರೇ ನಿರ್ಧರಿಸಿದರೆ, ಆ ನಾಲ್ಕು ತಿಂಗಳಿಗೆ ಇನ್ನಷ್ಟು ತಿಂಗಳು ಸೇರುತ್ತವೆ.

ನನ್ನದೇ ಒಂದು ತಪ್ಪನ್ನು ಇಲ್ಲಿ ಹೇಳಬೇಕು. ಸೇವೆಯ ಮೊದಲ ವರ್ಷಗಳಲ್ಲಿ, ಕುಡಿತ ಬಿಟ್ಟವರನ್ನು ಸಭೆಗಳಿಗೆ ಕರೆಸಿ, ವೇದಿಕೆ ಹತ್ತಿಸಿ, ಶಾಲು ಹೊದಿಸಿ, ಫೋಟೋ ತೆಗೆಸುತ್ತಿದ್ದೆ. ವರದಿಯಲ್ಲಿ ಅದು ಚೆನ್ನಾಗಿ ಕಾಣುತ್ತಿತ್ತು. ಅವರಲ್ಲಿ ಕೆಲವರು ಮತ್ತೆ ಕುಡಿದರು. ಶಾಲು ಹೊದ್ದ ಮುಖವನ್ನು ಹೇಗೆ ತೋರಿಸುವುದೆಂದು ನಮ್ಮ ಬಾಗಿಲಿಗೆ ಬರುವುದನ್ನೇ ಬಿಟ್ಟರು. ಸನ್ಮಾನ ಮಾಡದಿದ್ದರೆ ಅವರು ಎರಡನೆಯ ವಾರಕ್ಕೇ ಬರುತ್ತಿದ್ದರೆಂದು ಈಗ ಅನ್ನಿಸುತ್ತದೆ. ದೆಹಲಿಯ ಏಮ್ಸ್ ನಡೆಸಿದ, 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮದ್ಯಾವಲಂಬನೆಯಿರುವ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ರೀತಿಯ ಚಿಕಿತ್ಸೆ ದೊರೆತಿದೆ. ಬಂದ ಆ ಒಬ್ಬರು ಮರಳಿ ಬರಲು ನಾಚದಂತೆ ನೋಡಿಕೊಳ್ಳುವುದನ್ನೇ ನಾನು ಈಗ ಸಮಾಲೋಚಕರ ಅರ್ಹತೆಯೆಂದು ಅಳೆಯುತ್ತೇನೆ. ನಿಮ್ಮವರು ಜಾತ್ರೆಯ ನಂತರ ನಿಮ್ಮ ಬಳಿಗೆ ಬಂದರೇ ಎಂಬುದನ್ನು ನೀವು ಬರೆದಿಲ್ಲ. ಬಂದಿಲ್ಲವಾದರೆ ಇಂದೇ ಫೋನ್ ಮಾಡಿ. ಬೈಗುಳಕ್ಕಲ್ಲ, ಮುಂದಿನ ದಿನಾಂಕ ಹೇಳಲು.

ಪ್ರಶ್ನೆ: ನಾನು ಕುಡಿತ ಬಿಟ್ಟು ಆರು ವರ್ಷವಾಯಿತು. ಪಿ.ಯು.ಸಿ.ವರೆಗೆ ಓದಿದ್ದೇನೆ. ನನ್ನಂಥವರು ಸಮಾಲೋಚಕರಾಗಬಹುದೇ? (ಇಂಡಿ)

ಉತ್ತರ: ಮನೋವೈದ್ಯಕೀಯ ಸಮಾಜ ಕಾರ್ಯಕರ್ತರ ಹುದ್ದೆಗೆ ಸ್ನಾತಕೋತ್ತರ ಪದವಿ, ಅದರ ಮೇಲೆ ಎಂ.ಫಿಲ್. ಬೇಕು, ಆ ದಾರಿ ನಿಮಗೆ ದೂರ. ಆದರೆ ಕೇಂದ್ರದ ನೆರವಿನ ವ್ಯಸನಮುಕ್ತಿ ಕೇಂದ್ರಗಳಲ್ಲಿ ವ್ಯಸನದಿಂದ ಹೊರಬಂದವರನ್ನೇ ಸಹವರ್ತಿ ಶಿಕ್ಷಕರಾಗಿ ತೆಗೆದುಕೊಳ್ಳುವ ಪದ್ಧತಿಯಿದೆ. 1935ರಲ್ಲಿ ಅಮೆರಿಕದಲ್ಲಿ ಆರಂಭವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟಗಳೂ ಬಿಟ್ಟವರು ಬಿಡಲಿರುವವರ ಜೊತೆ ಕೂರುವ ನಂಬಿಕೆಯ ಮೇಲೆಯೇ ನಡೆಯುತ್ತವೆ. ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಸರದಿಯಲ್ಲಿ ನಿಂತವರ ಪಕ್ಕ ಕೂತು ಮಾತನಾಡಲು ಅನುಮತಿ ಕೇಳಿ ನೋಡಿ.

ಒಂದು ಎಚ್ಚರಿಕೆ. "ನಾ ಬಿಟ್ಟಿಲ್ಲೇನು, ನೀ ಯಾಕ ಬಿಡಾಂಗಿಲ್ಲ" ಎಂಬ ಮಾತು ನಿಮ್ಮ ನಾಲಗೆಯ ತುದಿಯಲ್ಲೇ ಇರುತ್ತದೆ. ಮೊದಲ ಎರಡು ಭೇಟಿಗಳಲ್ಲಿ ನಿಮ್ಮ ಕಥೆಯನ್ನು ಹೇಳಲೇಬೇಡಿ; ಅವರಾಗಿ ಕೇಳಿದರೆ ಎರಡು ವಾಕ್ಯಗಳಲ್ಲಿ ಮುಗಿಸಿ, ಮತ್ತೆ ಅವರ ಮಾತಿಗೆ ಬನ್ನಿ.